ಗಾಯ ಕಾಣದಂತೆ ಹೊಲಿದ ಅಂಟಜ್ಜ

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ, ಅಂಟಿಸಿದವನು ಅಬ್ಬೇಪಾರಿ. ಇಂಥ ಬಾಲ ಈ ಗಾದೆಗೆ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಗಾದೆಯೇ ಸುಳ್ಳಾದರೂ ಈ ಕತೆ ಮಾತ್ರ ಸುಳ್ಳಲ್ಲ.

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಶಾಲೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಸ್ಟೌ ಮೇಲೆ ಮೈದಾ ಅಂಟು ಕೊತಕೊತ ಕುದಿಯುತ್ತಿದೆ. ಹುಳ ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿ, ಮುದುಕರೊಬ್ಬರು ಕಡ್ಡಿಯಿಂದ ತಿರುವುತ್ತಿದ್ದಾರೆ. ತೊಡೆಯ ಮೇಲೆ ಬೆನ್ನು ಮುರಿದುಕೊಂಡ ಪುಸ್ತಕ. ಸೂಜಿಗೆ ದಾರ ಪೋಣಿಸಲು ಹೋಗಿ ಎರಡು ಸಲ ಸೋತು, ದಾರಕ್ಕೇ ಗದರುತ್ತಾರೆ: “ಏನಪ್ಪಾ, ನಿಂಗೂ ವಯಸ್ಸಾಯ್ತಾ? ತೂತು ಕಾಣಲ್ವಾ?”

ಮಕ್ಕಳಿಗೆ ಇವರು ಅಂಟಜ್ಜ. ಅಚ್ಚುಕೂಟವೊಂದರಲ್ಲಿ ಬೈಂಡಿಂಗ್ ಮಾಡುತ್ತಲೇ ತಲೆ ಬೆಳ್ಳಗಾಗಿಸಿಕೊಂಡವರು. ಅಚ್ಚುಕೂಟಕ್ಕೆ ಬೀಗ ಬಿದ್ದ ಮೇಲೆ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದವರನ್ನು ಇಲ್ಲಿಗೆ ಕರೆತಂದದ್ದು ನಾಲ್ಕನೇ ತರಗತಿಯ ಟೀಚರ್. ದಾನಿಗಳ ಸಂಘವೊಂದು ವರ್ಷಕ್ಕೊಮ್ಮೆ ಶಾಲೆಗೆ ಕತೆಪುಸ್ತಕ ಕೊಡುತ್ತದೆ. ಟೀಚರ್ ಅವನ್ನು ಬೀರುವಿಗೆ ತುಂಬಲಿಲ್ಲ. ತರಗತಿಯ ಗೋಡೆಗೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕಿದಂತೆ ನೇತುಹಾಕಿದರು. ಊಟದ ನಂತರದ ಪೀರಿಯಡ್ ಓದಿಗೆ ಎಂದರು. ಅಕ್ಷರ ಕಂಡರೆ ಆಕಳಿಸುತ್ತಿದ್ದ ಮಕ್ಕಳು ಪುಸ್ತಕಕ್ಕಾಗಿ ಜಡೆ ಹಿಡಿದು ಜಗಳವಾಡತೊಡಗಿದರು. ಈ ಕಡೆ ಎಳೆದವಳಿಗೆ ಹುಲಿಯ ತಲೆ, ಆ ಕಡೆ ಎಳೆದವನಿಗೆ ಬಾಲ. ಸಂಜೆಯ ಹೊತ್ತಿಗೆ ಅಂಟಜ್ಜನ ಬುಟ್ಟಿಗೆ ನಾಲ್ಕೈದು ರೋಗಿಗಳು ದಾಖಲು.

“ಹರಿದಿದೆ ಅಂದ್ರೆ ಓದಿದಾರೆ ಅಂತ,” ಎನ್ನುತ್ತಾರೆ ಅಂಟಜ್ಜ. “ಗರಿಗರಿಯಾಗಿ ಕೂತಿರುತ್ತಲ್ಲ ಪುಸ್ತಕ, ಅದು ಮದುವೆ ಮನೇಲಿ ಯಾರೂ ಮಾತಾಡಿಸದ ಚಿಕ್ಕಪ್ಪನ ಥರ. ಬಟ್ಟೆ ಮಾತ್ರ ಇಸ್ತ್ರಿ.”

ಬೆರಳ ತುದಿಗಳು ಒಡೆದು ಅಂಟು ಸೋಕಿದರೆ ಉರಿಯುತ್ತವೆ. ಮನೆಯಲ್ಲಿ ಹೆಂಡತಿಯ ದೂರು ಬೇರೆ. “ನಂಗೂ ಬೆನ್ನು ನೋವು ಕಣ್ರೀ. ನಾನು ಪುಸ್ತಕವಾಗಿ ಹುಟ್ಟಿದ್ರೆ ಬೆನ್ನಿಗೊಂದು ಬಟ್ಟೆನಾದ್ರೂ ಅಂಟಿಸ್ತಿದ್ರಿ!”

ಅಂಟಜ್ಜನಿಗೆ ಇರುವುದು ಒಂದೇ ಜಂಬ. ಹೊಲಿದದ್ದು ಗೊತ್ತಾದರೆ ಹೊಲಿದವನ ಮಾನ ಹೋಯಿತು ಎಂದು ಅವರಿಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳಿದ್ದನಂತೆ. ಆ ಜಂಬವೇ ಈ ವರ್ಷ ಎಲ್ಲವನ್ನೂ ಮುಳುಗಿಸಿದೆ.

ಸಂಘದ ಕಾರ್ಯದರ್ಶಿ ಪುಸ್ತಕ ನೋಡಲು ಬರುತ್ತಾರೆಂದು ತಿಳಿದ ದಿನದಿಂದ ಅಂಟಜ್ಜ ಊಟ ಮರೆತು ಕೂತರು. ಬಿಟ್ಟ ಹಾಳೆಗಳನ್ನು ಹೊಲಿದರು, ಹೊಸ ರಟ್ಟು ಹಾಕಿದರು. ಅಂಚಿಗೆ ಮೆತ್ತಿದ್ದ ಪುಟ್ಟ ಬೆರಳುಗಳ ಕೊಳೆಯನ್ನು ಕತ್ತಿಯಿಂದ ಸವರಿ ತೆಗೆದರು. ಮಗಳನ್ನು ನೋಡಲು ಬರುವವರಿಗಾಗಿ ತಾಯಿ ಸಿಂಗರಿಸುವಂತೆ ಸಿಂಗರಿಸಿ, ಹಗ್ಗಕ್ಕೆ ನೇತುಹಾಕಿದರು.

ಕಾರ್ಯದರ್ಶಿ ಬಂದರು. ಮೂಗಿನಲ್ಲೇ ಮಾತು, ಮೂಗಿನಲ್ಲೇ ತೀರ್ಪು. “ನೋಡೀ ಮೇಡಂ... ಒಂದು ಮೂಲೆ ಮಡಚಿಲ್ಲ. ಒಂದು ಕಲೆ ಇಲ್ಲ. ಮಕ್ಕಳು ಇದನ್ನ ಮುಟ್ಟೇ ಇಲ್ವಲ್ರೀ!”

“ಸಾರ್, ಎಲ್ಲಾ ಹರಿದುಹೋಗಿತ್ತು. ನಮ್ಮ ಅಜ್ಜ ಕೂತು ಸರಿಮಾಡಿದಾರೆ.”

“ಹೌದೌದು. ಎಲ್ಲಾ ಶಾಲೇಲೂ ಒಬ್ಬೊಬ್ಬ ಅಜ್ಜ ಇರ್ತಾರೆ.”

ಬಾಗಿಲಲ್ಲಿ ನಿಂತಿದ್ದ ಅಂಟಜ್ಜ ಒಳಗೆ ಬಂದು ಒಂದು ಪುಸ್ತಕ ಬಿಡಿಸಿ ಹಿಡಿದರು. “ಇಲ್ಲಿ ಹೊಲ್ದಿದೀನಿ ಸ್ವಾಮಿ.” ಕಾರ್ಯದರ್ಶಿ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಹೊಲಿಗೆ ಕಾಣಲಿಲ್ಲ. ಕಾಣದ ಹಾಗೆ ಹೊಲಿದಿದ್ದರಲ್ಲ!

ತೀರ್ಮಾನ ಬಂದಿದೆ. ಹೊಸ ಪುಸ್ತಕ ಇಲ್ಲ. ಇರುವ ಪುಸ್ತಕಗಳು “ಓದುವ ಮಕ್ಕಳಿರುವ” ಬೇರೆ ಶಾಲೆಗೆ. ನಾಳೆಯಿಂದ ಓದಿನ ಪೀರಿಯಡ್ಡನ್ನು ಹೆಡ್‌ಮಾಸ್ತರರು ಲೆಕ್ಕಕ್ಕೆ ಕೊಟ್ಟಿದ್ದಾರೆ. ಟೀಚರ್ ಎರಡು ಸಲ ಹೋಗಿ ಬೇಡಿಕೊಂಡು ಬಂದರು. ಕಾರ್ಯದರ್ಶಿ ಚಹಾ ಕೊಟ್ಟು ಕಳಿಸಿದರು.

“ಕೊಳೆ ಬಿಟ್ಟಿದ್ರೆ ಸಾಕಿತ್ತು,” ಅಂಟಜ್ಜ ಸೂಜಿ ಕೆಳಗಿಟ್ಟು ತಮಗೇ ಹೇಳಿಕೊಳ್ಳುತ್ತಾರೆ. “ಮಕ್ಕಳ ಬೆರಳ ಗುರುತನ್ನ ನಾನೇ ಕತ್ತರಿಸಿ ಬಿಸಾಕಿದೆ.” ಸ್ಟೌ ಆರಿಸಿದ ಮೇಲೂ ಕಡ್ಡಿ ತಿರುವುತ್ತಲೇ ಇರುತ್ತಾರೆ. ಇಂದು ಹೊಲಿಯುತ್ತಿರುವುದು ಕೊನೆಯ ಪುಸ್ತಕ. ನಾಳೆ ಇದೂ ಪೆಟ್ಟಿಗೆಗೆ.

ಮಧ್ಯಾಹ್ನ ಕೊನೆಯ ಓದಿನ ಪೀರಿಯಡ್. ಹಗ್ಗ ಅರ್ಧ ಬೋಳಾಗಿದೆ. ಎರಡು ಜಡೆಯ ಹುಡುಗಿಯೊಬ್ಬಳು ಅಂಟಜ್ಜನ ಕೈಹಿಡಿದು ಎಳೆತಂದು ಕುರ್ಚಿಯಲ್ಲಿ ಕೂರಿಸುತ್ತಾಳೆ. “ಅಜ್ಜ, ಇವತ್ತು ನೀವೇ ಓದ್ಬೇಕು.” ಕೈಗೆ ಬಂದದ್ದು ರಾಜನ ಕತೆ. ಅಂಟಜ್ಜ ಬೇಡವೆಂದರೂ ಮಕ್ಕಳು ಬಿಡರು. ಕೊನೆಗೆ ಗಂಟಲು ಸರಿಮಾಡಿಕೊಂಡು, ನಾಟಕದ ರಾಜನ ದನಿ ತೆಗೆಯುತ್ತಾರೆ: “ಮಹಾರಾಜನು ಸಿಂಹಾಸನದಿಂದೆದ್ದು, ಸಭೆಯನ್ನೊಮ್ಮೆ ದುರುಗುಟ್ಟಿ ನೋಡಿ...” ಹಾಳೆ ತಿರುವುತ್ತಾರೆ. “...ಕೊಕ್ಕೊಕ್ಕೊ ಎಂದು ಕೂಗಿ, ಬುಟ್ಟಿಯೊಳಗೆ ದೊಡ್ಡದೊಂದು ಮೊಟ್ಟೆ ಇಟ್ಟಿತು.”

ತರಗತಿ ಬಿದ್ದು ಬಿದ್ದು ನಗುತ್ತದೆ. ಅಂಟಜ್ಜ ಹಾಳೆ ಹಿಂದೆ ತಿರುವುತ್ತಾರೆ, ಮುಂದೆ ತಿರುವುತ್ತಾರೆ. ಒಂದೇ ಅಳತೆಯ ಕೋಳಿ ಕತೆಯ ನಡುವಿನ ಹಾಳೆಗಳನ್ನು ಯಾರೋ ಬಿಚ್ಚಿ ತಂದು ರಾಜನ ಹೊಟ್ಟೆಗೆ ಹೊಲಿದಿದ್ದಾರೆ. ಹೊಲಿಗೆ ಸೊಟ್ಟ, ದಾರ ದಪ್ಪ, ಗಂಟು ಹೊರಗೇ ನೇತಾಡುತ್ತಿದೆ.

“ಯಾರೇ ಇದು, ಗೋಣಿಚೀಲ ಹೊಲಿದ ಹಾಗೆ ಹೊಲಿದವರು?”

“ಎಲ್ಲರೂ ಅಜ್ಜ, ಆ ಸಾರ್ ಬಂದು ಹೋದ್ಮೇಲೆ. ನೀವು ಹೊಲಿಯೋದನ್ನ ಕಿಟಕೀಲಿ ನೋಡಿ ಕಲಿತ್ವಿ. ಮೊದ್ಲು ಆನೆ ಕತೆ ಇಟ್ಟು ನೋಡಿದ್ವಿ, ಕೂರ್ಲಿಲ್ಲ. ಆಮೇಲೆ ಮೊಸಳೆ. ಎಲ್ಲಾ ಪುಸ್ತಕ ಮತ್ತೆ ಓದಿದ್ವಿ. ರಾಜನಿಗೆ ಕೋಳಿನೇ ಸರಿಹೋಯ್ತು.”

ಟೀಚರ್ ಕತ್ತರಿ ಹುಡುಕುತ್ತ, “ಕೊಡಿ ಅಜ್ಜ, ಬಿಚ್ಚಿಬಿಡೋಣ. ನಾಳೆ ಹೋಗೋ ಪುಸ್ತಕ,” ಎನ್ನುತ್ತಾರೆ.

ಅಂಟಜ್ಜ ಪುಸ್ತಕವನ್ನು ಎದೆಗೆ ಒತ್ತಿ ಹಿಡಿಯುತ್ತಾರೆ. “ಬೇಡಮ್ಮ. ಹೀಗೇ ಹೋಗ್ಲಿ. ಯಾರೂ ಸರಿಮಾಡದಿದ್ರೆ ಸಾಕು.” ಮತ್ತೆ ಹಾಳೆ ಬಿಡಿಸಿ, ಅದೇ ರಾಜನ ದನಿಯಲ್ಲಿ ಮುಂದಿನ ಸಾಲು ಹಿಡಿಯುತ್ತಾರೆ: “ಮೊಟ್ಟೆಯ ಮೇಲೆ ಕೂತು...” ದನಿ ಮುಂದಕ್ಕೆ ಹೋಗುವುದಿಲ್ಲ. ಮೊದಲು ಭುಜ ಕುಲುಕುತ್ತದೆ, ಆಮೇಲೆ ಕುರ್ಚಿ. ಕಣ್ಣಲ್ಲಿ ನೀರು ಸುರಿಸುತ್ತ ಅಂಟಜ್ಜ ನಗುತ್ತಾರೆ. ನಕ್ಕು ಸುಸ್ತಾದ ಮಕ್ಕಳು ಅವರನ್ನೇ ನೋಡುತ್ತಾರೆ. ಆ ನಗು ಮಾತ್ರ ನಿಲ್ಲುವ ಹಾಗೆ ಕಾಣುವುದಿಲ್ಲ.