ರೋವನ್‌ಗೆ ಮಾತ್ರ ಹೇಳಬೇಡಿ

ಕ್ವೀನ್ಸ್‌ಲ್ಯಾಂಡಿನ ಒಳನಾಡಿನ ತರಿಂಡಾ ಊರಿನಲ್ಲಿ ಇರುವುದೇ ಇನ್ನೂರ ಹನ್ನೆರಡು ಜನ. ಟೇಗನ್ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂಬುದು ಅವರಲ್ಲಿ ಇನ್ನೂರ ಹನ್ನೊಂದು ಜನಕ್ಕೆ ಗೊತ್ತಿತ್ತು. ಗೊತ್ತಿಲ್ಲದ ಒಬ್ಬ ಯಾರೆಂದರೆ ಆ ಮಗುವಿನ ಅಪ್ಪ. ಪಾಪ ಅನ್ನಬೇಡಿ. ಅವನಿಗೆ ಯಾರೂ ಮೋಸ ಮಾಡಿರಲಿಲ್ಲ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡವನು ಅವನೇ. ಗಂಟು ಬಿಗಿಯಾಗಿದೆಯೋ ಇಲ್ಲವೋ ಎಂದು ಎಳೆದು ನೋಡಿದವನೂ ಅವನೇ.

ರೋವನ್ ಹ್ಯಾಂಡ್ಲಿ ಅವನ ಹೆಸರು. ಕೌನ್ಸಿಲ್ಲಿನ ಗ್ರೇಡರ್ ಓಡಿಸುತ್ತಾನೆ. ಮಣ್ಣು ರಸ್ತೆಯ ಮೇಲೆ ಆ ಹಳದಿ ಯಂತ್ರದ ಅಲಗು ಇಳಿಸಿ ಉಬ್ಬುತಗ್ಗು ಸಮ ಮಾಡುವ ಕೆಲಸ. ಹತ್ತು ದಿನ ಕ್ಯಾಂಪು, ನಾಲ್ಕು ದಿನ ಮನೆ. ಕೆಲಸದಲ್ಲಿ ಬಂಗಾರ, ಹಟದಲ್ಲಿ ಕತ್ತೆ ಎಂದು ಊರೇ ಹೇಳುತ್ತದೆ, ನಾನು ಬೇರೆ ಹೇಳಬೇಕಿಲ್ಲ.

ಈ ಹಟಕ್ಕೂ ಒಂದು ಕಾರಣವಿತ್ತು. ರೋವನ್ ಹುಟ್ಟಿದಾಗ ಅವನಪ್ಪ ಕುರಿ ಉಣ್ಣೆ ಕತ್ತರಿಸುವ ಗುಂಪಿನ ಜೊತೆ ದೂರದ ಯಾವುದೋ ಹಟ್ಟಿಯಲ್ಲಿದ್ದ. ಗಂಡು ಮಗು ಎಂಬ ಸುದ್ದಿ ಹಟ್ಟಿ ಹಟ್ಟಿಗಳ ನಡುವೆ ಮಾತಾಡುವ ರೇಡಿಯೋದಲ್ಲಿ ಬಂತು. ಸುತ್ತಲಿನವರೆಲ್ಲ ಕೇಳಿಸಿಕೊಂಡು, ಅದನ್ನು ಮಾತಾಡಿಕೊಂಡು, ಮರೆತೂಬಿಟ್ಟ ಮೇಲೆ, ಮೂರನೆಯ ದಿನ ಅಡುಗೆಯವನು ಬಂದು ಅವನಿಗೆ ಹೇಳಿದ. ‘ನನ್ನ ಮಗನ ವಿಷಯ ನನಗೇ ಕೊನೇಲಿ ಗೊತ್ತಾಯ್ತು’ ಎಂದು ಆತ ಸಾಯುವವರೆಗೂ ಗೊಣಗಿದ. ಅದನ್ನೇ ಕೇಳಿ ಬೆಳೆದ ರೋವನ್‌ಗೆ ಒಂದೇ ಆಸೆ. ತನ್ನ ಮಗುವನ್ನು ತಾನೇ ಕಣ್ಣಾರೆ ನೋಡಬೇಕು. ಗಂಡೋ ಹೆಣ್ಣೋ ಎಂದು ತನ್ನ ಬಾಯಿಂದಲೇ ಹೇಳಬೇಕು. ಹೆರಿಗೆಯ ಕೋಣೆಯಲ್ಲಿ ನರ್ಸು ಅಪ್ಪನ ಕಡೆ ತಿರುಗಿ ‘ಹೇಳಪ್ಪಾ, ಏನು ಮಗು?’ ಎಂದು ಕೇಳುವುದು ಇಲ್ಲಿ ವಾಡಿಕೆ. ಆ ಒಂದು ಗಳಿಗೆ ಅವನಿಗೆ ಬೇಕಿತ್ತು. ಮೊದಲೇ ತಿಳಿದುಬಿಟ್ಟರೆ ಹೇಳುವುದಕ್ಕೆ ಉಳಿಯುವುದೇನು?

ಟೇಗನ್ ಇದಕ್ಕೆ ಪೂರ್ತಿ ತದ್ವಿರುದ್ಧ. ಅಂಚೆ ಕಚೇರಿಯಲ್ಲಿ ಕೆಲಸ. ಪಾರ್ಸಲ್ಲು ಒತ್ತಿ ನೋಡಿದರೆ ಸಾಕು, ಒಳಗೇನಿದೆ ಎಂದು ಹೇಳುವ ಜಾತಿ.

“ನನ್ನ ಹೊಟ್ಟೇಲಿರೋದು ನನಗೆ ಗೊತ್ತಾಗಬಾರದಾ? ಕ್ರಿಸ್‌ಮಸ್ಸಿಗೆ ತಂದಿಟ್ಟ ಉಡುಗೊರೆ ಗಂಟನ್ನೇ ನಾನು ಹಿಂದಿನ ವಾರ ಬಿಚ್ಚಿ ನೋಡೋಳು,” ಎಂದಳು.

“ಬಿಚ್ಚಿ ನೋಡಿದ್ರೆ ಹಬ್ಬ ಮುಗೀತಲ್ಲೇ!”

“ನಿನ್ನ ಹಬ್ಬ ನೀನಿಟ್ಕೋ. ನಾನು ತಿಳ್ಕೋತೀನಿ, ನಿನಗೆ ಹೇಳಲ್ಲ. ಆಯ್ತಾ?”

“ಆಯ್ತು. ಬಾಯಿ ಬಿಟ್ಟೆಯೋ ನೋಡು!”

“ನನ್ನ ಬಾಯಿ ಗಟ್ಟಿ ಇದೆ. ನಿನ್ನ ಹೊಟ್ಟೆ ತಡಕೊಳ್ಳತ್ತಾ ಅದನ್ನ ನೋಡ್ಕೋ.”

ಗಂಡಾದರೆ ಹೆಸರು ಅವನದು, ಹೆಣ್ಣಾದರೆ ಅವಳದು, ಒಬ್ಬರ ಆಯ್ಕೆ ಇನ್ನೊಬ್ಬರು ಕೇಳಬಾರದು ಎಂದೂ ಕರಾರಾಯಿತು. ರೋವನ್ ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಶುಕ್ರವಾರ ಸಂಜೆ ಪಬ್ಬಿಗೆ ಹೋಗಿ, ಬಿಯರು ಕೈಯಲ್ಲಿ ಹಿಡಿದು, ಊರಿನವರ ಮುಂದೆ ಘೋಷಣೆ ಬೇರೆ ಮಾಡಿದ: “ಟೇಗನ್ ಯಾರಿಗೆ ಬೇಕಾದ್ರೂ ಹೇಳ್ಕೊಳ್ಲಿ. ನನ್ನೆದುರು ಯಾರಾದ್ರೂ ತುಟಿ ಪಿಟಕ್ ಅಂದ್ರೋ, ಅವರ ಮನೆ ರಸ್ತೆ ಮೇಲೆ ಇನ್ನು ಅಲಗು ಇಳಿಯಲ್ಲ. ಗುಂಡೀಲೇ ಬಿದ್ದಿರಿ!” ಎಲ್ಲರೂ ನಕ್ಕು ಗ್ಲಾಸು ಎತ್ತಿದರು.

ಅಕ್ಟೋಬರಿನಲ್ಲಿ ಸ್ಕ್ಯಾನು. ಅವನು ಒಳಗೆ ಹೋಗಲಿಲ್ಲ. ಕಾರಿನಲ್ಲಿ ರೇಡಿಯೋ ಜೋರಾಗಿ ಹಾಕಿಕೊಂಡು ಕೂತ. ಟೇಗನ್ ಹೊರಗೆ ಬಂದಳು. ಆ ಮುಖದಲ್ಲಿ ಅವನು ಎಂದೂ ಕಾಣದ ಒಂದು ಕಳೆ. ಅವನಿಗಾಗಿ ಬಂದ ಕಳೆಯಲ್ಲ ಅದು.

ಅಲ್ಲಿಂದ ಶುರುವಾಯಿತು ನೋಡಿ ಹೊಟ್ಟೆಕಿಚ್ಚು. ಕ್ಯಾಂಪಿನಿಂದ ಬಂದರೆ ವರಾಂಡದಲ್ಲಿ ಟೇಗನ್ ಹೊಟ್ಟೆಯ ಮೇಲೆ ಕೈಯಿಟ್ಟು ಏನೋ ಮಾತಾಡುತ್ತಿರುತ್ತಾಳೆ, ನಗುತ್ತಿರುತ್ತಾಳೆ. ಇವನ ಬೂಟಿನ ಸದ್ದು ಕೇಳಿದ್ದೇ ಗಪ್‌ಚಿಪ್. ತನ್ನ ಮನೆಗೆ ತಾನೇ ನೆಂಟನಾಗಿ ಬಂದ ಹಾಗೆ. ಮಗುವಿನ ಕೋಣೆಗೆ ಅವಳೂ ಅವಳ ಅಮ್ಮ ಗ್ಲೆನಿಸ್ಸೂ ಸೇರಿ ಬಣ್ಣ ಬಳಿದರು. ಗಂಡಿಗೆ ನೀಲಿ, ಹೆಣ್ಣಿಗೆ ಗುಲಾಬಿ ಎಂಬುದು ಇಲ್ಲಿಯ ರೂಢಿ, ಹಾಗಾಗಿ ಬಾಗಿಲಿಗೆ ಬೀಗ, ಕಿಟಕಿಗೆ ಹಳೇ ಬೆಡ್‌ಶೀಟು. ಗ್ಲೆನಿಸ್ ಇವನ ಮುಂದೆ ಹೆಣೆಯುವುದು ಹಳದಿ ಉಲ್ಲನ್ನು. ಇವನು ಎದ್ದು ಹೋದರೆ ಚೀಲದಿಂದ ಬೇರೆ ಬಣ್ಣ ಹೊರಗೆ ಬರುತ್ತಿತ್ತೆಂದು ಇವನ ಗುಮಾನಿ. ಬಟ್ಟೆ ಒಣಹಾಕುವ ತಂತಿಯನ್ನು ಕಳ್ಳನ ಹಾಗೆ ನೋಡುತ್ತಿದ್ದ, ಏನಾದರೂ ಕಂಡುಬಿಟ್ಟರೆ ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನೋಡಬೇಕು, ನೋಡಬಾರದು. ಇಂಥವನನ್ನು ಏನೆಂದು ಕರೆಯುತ್ತೀರಿ?

ಡಿಸೆಂಬರಿನ ಒಂದು ದಿನ ಆ ಕೋಣೆಯಿಂದ ಎ.ಸಿ. ರಿಪೇರಿಯ ಡೆಸ್ಮಂಡ್ ಹೊರಗೆ ಬಂದ. ಸ್ಕ್ರೂಡ್ರೈವರು ಜೇಬಿಗೆ ಹಾಕಿಕೊಂಡು, ಇವನ ಭುಜ ತಟ್ಟಿ, “ಚೆನ್ನಾಗಿ ಮಾಡಿಸಿದೀರಪ್ಪಾ ಕೋಣೆ,” ಎಂದು ನಗುತ್ತಾ ಹೋದ.

ರೋವನ್ ಅಡುಗೆಮನೆಗೆ ನುಗ್ಗಿದ. “ಅವನಿಗೂ ಗೊತ್ತಾ? ಆ ಡೆಸ್ಮಂಡ್‌ಗೂ?”

“ಕಣ್ಣಿಗೆ ಬಟ್ಟೆ ಕಟ್ಕೊಂಡು ಎ.ಸಿ. ಹಾಕ್ತಾರಾ?” ಎಂದಳು ಟೇಗನ್.

ಗ್ಲೆನಿಸ್ ಹೆಣಿಗೆಯಿಂದ ತಲೆ ಎತ್ತದೆ ಹೇಳಿದಳು: “ಮಾಡಿದ್ದುಣ್ಣೋ ಮಹರಾಯ.”

“ನೀವು ಸುಮ್ನಿರಿ ಗ್ಲೆನಿಸ್!”

“ನಾನು ಸುಮ್ನೇ ಇದೀನಪ್ಪಾ. ಎರಡು ತಿಂಗಳಿಂದ ಸುಮ್ನಿದ್ದು ಸುಮ್ನಿದ್ದು ನನ್ನ ದವಡೆ ನೋಯ್ತಿದೆ.”

ಕ್ಯಾಂಪಿನಲ್ಲಾದರೂ ನೆಮ್ಮದಿಯೇ? ನೀರಿನ ಟ್ಯಾಂಕರು ಓಡಿಸುವ ಸ್ಪಡ್ ಅವನ ಹತ್ತು ವರ್ಷದ ಜೊತೆಗಾರ. ಬೆಂಕಿಯ ಮುಂದೆ ಸಾಸೇಜು ತಿರುವುತ್ತಾ ಕೂತ ಸ್ಪಡ್‌ನನ್ನು ರೋವನ್ ಅನುಮಾನದಿಂದ ನೋಡಿದ.

“ನಿನಗೂ ಗೊತ್ತು ಅಲ್ವಾ?”

“ನನಗಾ? ರಸ್ತೆ ಬಿಟ್ಟು ಬೇರೇನೂ ಗೊತ್ತಿಲ್ಲ ಗುರು. ನಮ್ಮನೆ ದಾರೀಲಿ ಎಷ್ಟು ಗುಂಡಿ ಇದಾವೆ ನೋಡು, ನಾನ್ಯಾಕೆ ಬಾಯಿ ಬಿಡಲಿ?” ಎಂದು ಸ್ಪಡ್ ಸಾಸೇಜನ್ನು ಬ್ರೆಡ್ಡಿನಲ್ಲಿ ಸುತ್ತಿ ಕೊಟ್ಟ. ರೋವನ್‌ಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರಲ್ಲ, ಹಾಗೆ ಅವನಿಗೆ ಊರವರ ಪ್ರತಿ ನಗುವಿನಲ್ಲೂ ತನ್ನ ಮಗು ಕಾಣುತ್ತಿತ್ತು. ತನ್ನದನ್ನು ಎಲ್ಲರೂ ಹಂಚಿಕೊಂಡು ತಿನ್ನುತ್ತಿದ್ದಾರೆ, ತನಗೆ ಮಾತ್ರ ತಟ್ಟೆಯಿಲ್ಲ.

ಜನವರಿಯಲ್ಲಿ ಅದು ಒಡೆಯಿತು. ಸೆಖೆಯ ಮಧ್ಯಾಹ್ನ. ಮಗು ಒದೆಯಿತೆಂದು ಟೇಗನ್ ಅವನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟಳು. ಅವನು ಕೈ ಕಿತ್ತುಕೊಂಡ.

“ನೀವಿಬ್ಬರೂ ಚೆನ್ನಾಗಿದೀರಿ ಬಿಡು. ನಾನ್ಯಾಕೆ ನಡುವೆ?”

“ಏನಂದೆ?”

“ಮಾತಾಡ್ಕೋತೀರಿ, ನಗ್ತೀರಿ. ನಾನು ಬಂದ ತಕ್ಷಣ ಬಾಯಿಗೆ ಬೀಗ. ನನ್ನ ಮಗು ಅದು!”

“ಬೀಗ ತಂದವನು ಯಾರು? ಪಬ್ಬಲ್ಲಿ ಡಂಗುರ ಹೊಡೆದವನು ಯಾರು?” ಟೇಗನ್ ಎದ್ದು ನಿಂತಳು, ಅವಳ ಕಣ್ಣು ತುಂಬಿತ್ತು. “ಗೊತ್ತಾಗಬೇಕಾ? ಹೂಂ ಅನ್ನು, ಈಗಲೇ ಹೇಳ್ತೀನಿ. ನನಗೂ ಸಾಕಾಗಿದೆ. ಊಟಕ್ಕೆ ಎದುರು ಕೂತವನ ಹತ್ರ ಆಡಬೇಕಾದ ಮಾತನ್ನ ಊರವರ ಹತ್ರ ಆಡ್ತಾ ಇದೀನಿ.”

ಹೂಂ ಎಂಬ ಒಂದಕ್ಷರ ಅವನ ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಇಷ್ಟು ದಿನ ಉರಿದದ್ದು ದಂಡವಾಗುತ್ತದಲ್ಲ! ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಹೋಗಿ, ಕೆಟ್ಟೇ ಇರದ ಹುಲ್ಲು ಕತ್ತರಿಸುವ ಯಂತ್ರವನ್ನು ಬಿಚ್ಚಿ ಕೂತ.

ಹೆರಿಗೆಗೆ ಎರಡು ಮೂರು ವಾರವಿರುವಾಗ ನಮ್ಮ ಕಡೆಯ ಹೆಂಗಸರು ಮುನ್ನೂರು ಕಿಲೋಮೀಟರ್ ಆಚೆಯ ಲಾಂಗ್‌ರೀಚಿಗೆ ಹೋಗಿ ಆಸ್ಪತ್ರೆಯ ಪಕ್ಕದಲ್ಲೇ ಬಿಡಾರ ಮಾಡಬೇಕು. ಫೆಬ್ರವರಿಯಲ್ಲಿ ಟೇಗನ್ ಗ್ಲೆನಿಸ್ ಜೊತೆ ಹೋದಳು. ರೋವನ್‌ಗೆ ಇನ್ನೂ ಒಂದು ವಾರದ ಕೆಲಸ. ಮುಗಿಸಿ ಬರುತ್ತೇನೆ, ದಿನವಿದೆಯಲ್ಲ ಎಂದ. ಮಕ್ಕಳು ಕ್ಯಾಲೆಂಡರು ನೋಡಿ ಹುಟ್ಟುತ್ತವೆಯೇ?

ಮಳೆ ಹಿಡಿದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಸ್ಪಡ್ ಕೆಸರಿನಲ್ಲಿ ಓಡಿ ಬಂದು ಗ್ರೇಡರಿನ ಬಾಗಿಲು ಬಡಿದ. “ಇಳಿಯೋ! ಟೇಗನ್‌ಗೆ ನೋವು ಶುರುವಾಗಿದೆ. ಹೊರಡು!”

ರೋವನ್ ಜೀಪು ಹತ್ತಿ ಹೊರಟ. ಇಪ್ಪತ್ತು ಕಿಲೋಮೀಟರ್‌ಗೆ ಹಳ್ಳ ಅಡ್ಡ ಬಂತು, ರಸ್ತೆಯ ಮೇಲೆ ಎದೆಯೆತ್ತರದ ಕೆಂಪು ನೀರು. ಊರಿಗೆಲ್ಲ ದಾರಿ ಮಾಡಿಕೊಟ್ಟವನಿಗೆ ಅಂದು ದಾರಿಯಿಲ್ಲ. ಫೋನಿಗೆ ಅಲ್ಲಿ ಸಿಗ್ನಲ್ಲೂ ಇಲ್ಲ. ನಾಲ್ಕು ಗಂಟೆ ದಂಡೆಯಲ್ಲಿ ಅತ್ತಿಂದಿತ್ತ ಓಡಾಡಿ, ನೀರನ್ನು ಬೈದು, ತನ್ನನ್ನು ಬೈದುಕೊಂಡು, ನೀರು ಮೊಣಕಾಲಿಗೆ ಇಳಿದದ್ದೇ ಜೀಪು ನುಗ್ಗಿಸಿದ.

ಡಾಂಬರು ರಸ್ತೆ ಸಿಕ್ಕ ಮೇಲೆ ಹತ್ತಿರದ ಗಾಡಿಗಳ ಜೊತೆ ಮಾತಾಡುವ ಜೀಪಿನ ರೇಡಿಯೋ ಹಚ್ಚಿದ. ಲಾರಿಯವರು, ದನ ಸಾಕುವ ಸ್ಟೇಷನ್ನಿನವರು ಏನೋ ಹೇಳಿಕೊಂಡು ನಗುತ್ತಿದ್ದರು. “ರೋವನ್ ಮಾತಾಡ್ತಿರೋದು. ಮುಂದೆ ರಸ್ತೆ ಹೇಗಿದೆ?” ಎಂದ. ಇಡೀ ಚಾನೆಲ್ಲು ಸತ್ತ ಹಾಗಾಯಿತು. ಕೊನೆಗೆ ಯಾರೋ ಹೇಳಿದರು: “ರಸ್ತೆ ಚೆನ್ನಾಗಿದೆ ಮಾರಾಯ. ಹುಷಾರಾಗಿ ಹೋಗು.”

ಪೆಟ್ರೋಲಿಗೆಂದು ನಿಲ್ಲಿಸಿದ ಅಂಗಡಿಯಲ್ಲಿ ಬೆವ್ ಇದ್ದಳು. ಬೆವ್ ಬಾಯಿಗೆ ಬಿದ್ದ ಸುದ್ದಿ ಅರ್ಧ ದಿನದಲ್ಲಿ ಅರ್ಧ ಕ್ವೀನ್ಸ್‌ಲ್ಯಾಂಡ್ ಸುತ್ತುತ್ತದೆ. ಇವನನ್ನು ನೋಡಿದ್ದೇ ಅವಳು ಎರಡೂ ತುಟಿ ಒಳಕ್ಕೆ ಎಳೆದುಕೊಂಡಳು. ಕಣ್ಣಲ್ಲಿ ನೀರಾಡುತ್ತಿತ್ತು.

“ಹುಟ್ಟಿತಾ?” ಎಂದ ರೋವನ್.

ಬೆವ್ ಹೌದೆಂದು ತಲೆಯಾಡಿಸಿದಳು.

“ಟೇಗನ್?”

“ಚೆನ್ನಾಗಿದಾಳೆ. ಇಬ್ಬರೂ ಚೆನ್ನಾಗಿದಾರೆ.” ಮಾಂಸ ತುಂಬಿದ ಬಿಸಿ ಪೈ ಒಂದನ್ನು ಕಾಗದದಲ್ಲಿ ಸುತ್ತಿ ಅವನ ಕೈಗೆ ತುರುಕಿದಳು. “ಇನ್ನೇನೂ ಕೇಳಬೇಡ. ಹೋಗು, ಹೋಗು! ನನ್ನ ಬಾಯಿ ನನ್ನ ಕೈಲಿ ಇಲ್ಲ.”

ಜೀಪಿಗೆ ಬಂದು ಕೂತವನು ಸ್ಟೀರಿಂಗನ್ನು ಗುದ್ದಿದ. ಪೈ ಮಾರುವ ಬೆವ್‌ಗೆ ಗೊತ್ತು! ಹೆಸರು ಗೊತ್ತಿಲ್ಲದ ಲಾರಿಯವರಿಗೆ ಗೊತ್ತು! ಅಪ್ಪನ ಗತಿಯೇ ತನಗೂ ಆಯಿತು. ಅತ್ತುಬಿಟ್ಟ. ಹದಿನೈದು ಕಿಲೋಮೀಟರ್ ಹೋದ ಮೇಲೆ ಒಂದು ವಿಷಯ ಹೊಳೆಯಿತು: ಅಪ್ಪನಿಗಾಗಿ ಯಾರೂ ಬಾಯಿ ಮುಚ್ಚಿಕೊಂಡಿರಲಿಲ್ಲ. ತನಗಾಗಿ ಬೆವ್ ಕೂಡ ಮುಚ್ಚಿಕೊಂಡಿದ್ದಾಳೆ. ಪೈ ತಿಂದ. ಅಂಥ ಹಸಿವು ಇತ್ತೆಂದು ಅವನಿಗೇ ಗೊತ್ತಿರಲಿಲ್ಲ.

ಐದು ಗಂಟೆಗೆ ಆಸ್ಪತ್ರೆ ಮುಟ್ಟಿದ. ಮೈಯೆಲ್ಲ ಕೆಸರು. ಕಾರಿಡಾರಿನಲ್ಲಿ ಗ್ಲೆನಿಸ್ ಇವನನ್ನು ಕಂಡು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಮೊಣಕೈಯಿಂದಲೇ ಬಾಗಿಲು ತೋರಿಸಿದಳು. ಒಳಗೆ ನರ್ಸು ತೊಟ್ಟಿಲಿಗೆ ಅಂಟಿಸಿದ್ದ ಚೀಟಿಯ ಮೇಲೆ ಟವಲು ಎಸೆದಳು. ಹಾಸಿಗೆಯಲ್ಲಿ ಟೇಗನ್, ಬಿಳಿಚಿಕೊಂಡು, ಬೆವೆತು, ಎದೆಯ ಮೇಲೆ ಬಿಳಿ ಹೊದಿಕೆಯ ಒಂದು ಗಂಟು ಹಿಡಿದುಕೊಂಡಿದ್ದಳು.

“ಕೈ ತೊಳ್ಕೊಂಡು ಬಾ,” ಎಂದಳು. ತೊಳೆದುಕೊಂಡು ಬಂದ. ಗಂಟನ್ನು ಅವನ ತೋಳಿಗಿಟ್ಟಳು.

“ಹೇಳಪ್ಪಾ,” ಎಂದಳು ನರ್ಸು, “ಏನು ಮಗು?”

ಯಂತ್ರದ ಲೀವರುಗಳನ್ನು ಕೂದಲೆಳೆಯಷ್ಟು ಅಂದಾಜಿಗೆ ಆಡಿಸುವ ಬೆರಳುಗಳಿಂದ ಹೊದಿಕೆ ಬಿಚ್ಚಿದ. ಲಂಗೋಟಿ ಬಿಚ್ಚಿದ.

“ಹೆಣ್ಣು!” ಎಂದು ಕೂಗಿದ. “ಹೆಣ್ಣು ಮಗು ಕಣ್ರೀ!”

ನರ್ಸು ಚಪ್ಪಾಳೆ ತಟ್ಟಿದಳು. ಬಾಗಿಲಲ್ಲಿದ್ದ ಗ್ಲೆನಿಸ್ “ಅಯ್ಯೋ, ಹೌದಾ!” ಎಂದು ನಾಟಕದವಳ ಹಾಗೆ ಎದೆ ಹಿಡಿದುಕೊಂಡು, ಆಮೇಲೆ ನಿಜವಾಗಿಯೇ ಅತ್ತಳು. ಇಬ್ಬರೂ ಬಾಗಿಲೆಳೆದುಕೊಂಡು ಹೋದರು.

ಮೈ ತಣ್ಣಗಾಗಿ ಮಗು ಚೀರಿತು. ರೋವನ್ ತೂಗಿದ, ತಟ್ಟಿದ, “ಪುಟ್ಟಿ, ಚಿನ್ನ, ನಾನಮ್ಮಾ, ನಿನ್ನಪ್ಪ,” ಎಂದ. ಅದು ಇನ್ನೂ ಜೋರಾಗಿ ಚೀರಿತು. ಟೇಗನ್ ದಿಂಬಿನಿಂದ ತಲೆ ಎತ್ತದೆ, ಯಾವಾಗಲೂ ಹೇಳುವ ಮಾತನ್ನು ಹೇಳುವಂತೆ, “ನೆಲ್,” ಎಂದಳು. “ಸಾಕು ಕಣಮ್ಮ ನೆಲ್.” ಮಗು ಚೀರುವುದನ್ನು ನಿಲ್ಲಿಸಿ, ತಲೆಯನ್ನು ಆ ಕಡೆ ಹೊರಳಿಸಿತು.

ಡೆಸ್ಮಂಡ್ ಭುಜ ತಟ್ಟಿದಾಗ ಆಗಿದ್ದು ಏನೂ ಅಲ್ಲ. ಈಗ ಒಳಗೆ ಕೊಯ್ದ ಹಾಗಾಯಿತು.

“ಯಾವತ್ತಿಂದ ಹೀಗೆ ಕರೀತಿದೀಯಾ?”

“ಸ್ಕ್ಯಾನ್ ದಿನದಿಂದ. ಕಾರಿಗೆ ನಡ್ಕೊಂಡು ಬರ್ತಾನೇ ಕರೆದೆ.”

“ನಿನಗೆ ಇವಳು ನಾಲ್ಕು ತಿಂಗಳಿಂದ ಗೊತ್ತು. ನನಗೆ ಐದು ನಿಮಿಷದಿಂದ,” ಎಂದ ರೋವನ್. “ನನಗೆ ಹೊಟ್ಟೆ ಉರೀತಿದೆ ಟೇಗ್. ಸುಳ್ಳು ಯಾಕೆ ಹೇಳಲಿ?”

“ನನಗೂ ಉರೀತು, ಈಗ ತಾನೇ,” ಎಂದಳು ಟೇಗನ್. “ಬಿಚ್ಚಿ ನೋಡಿದಾಗ ನಿನ್ನ ಮುಖ ಹೇಗಾಯ್ತು ಗೊತ್ತಾ? ನಾವೆಲ್ಲ ನೋಡಿದ್ವಿ. ಅವತ್ತು ಸ್ಕ್ಯಾನಿನ ಕತ್ತಲೆ ಕೋಣೇಲಿ ನನ್ನ ಮುಖಾನೂ ಹಾಗೇ ಆಗಿರತ್ತೆ. ನೋಡೋಕೆ ಯಾರೂ ಇರಲಿಲ್ಲ.”

ರೋವನ್ ಕಾಲಿನಿಂದಲೇ ಕುರ್ಚಿಯನ್ನು ಹಾಸಿಗೆಯ ಹತ್ತಿರ ಎಳೆದುಕೊಂಡು, ಮಗುವನ್ನು ಎದೆಗೊತ್ತಿಕೊಂಡು ಕೂತ.

“ಹೇಳು,” ಎಂದ.

“ಏನು ಹೇಳಲಿ?”

“ಎಲ್ಲಾ. ಆ ಕೋಣೆ ಒಳಗೆ ಕಾಲಿಟ್ಟಾಗಿನಿಂದ. ಒಂದನ್ನೂ ಬಿಡಬೇಡ.”

“ಮೊದಲು ಕಂಡಿದ್ದು ಇವಳ ಬೆನ್ನು,” ಎಂದು ಟೇಗನ್ ಶುರು ಮಾಡಿದಳು. “ಡಾಕ್ಟರು ಎಷ್ಟು ತಟ್ಟಿದ್ರೂ ಈ ಕಡೆ ತಿರುಗಲಿಲ್ಲ ಕಣೋ. ಅವಾಗಲೇ ಅಂದ್ಕೊಂಡೆ, ಈ ಹಟ ನಿನ್ನದೇ ಅಂತ.”