ಹಮೀದಾಕರ ಎಲ್.ಪಿ. ಮತ್ತು ನನ್ನ ಹ್ಯಾಂಡ್‌ಬ್ಯಾಗು

ದುಬೈಗೆ ಬಂದಿಳಿದ ದಿನ, ನನಗೆ ವಿಲ್ಲಾದಲ್ಲಿ ವಾಸ ಎಂದರು. ಊರಿನಲ್ಲಿ ವಿಲ್ಲಾ ಎಂದರೆ ಗೇಟು, ನಾಯಿ, ನಾಯಿಯ ಬಗ್ಗೆ ಎಚ್ಚರಿಸುವ ಬೋರ್ಡು. ದುಬೈನ ಸತ್ವಾ ಬಡಾವಣೆಯ ಈ ವಿಲ್ಲಾದಲ್ಲಿ ಒಂದೇ ಕೋಣೆಗೆ ಆರು ಜನ. ನನ್ನ ಪಾಲಿಗೆ ಬಂದದ್ದು ಎರಡಂತಸ್ತಿನ ಮಂಚದ ಮೇಲಂತಸ್ತು. ಇದಕ್ಕೆ ಇಲ್ಲಿ ಬೆಡ್‌ಸ್ಪೇಸ್ ಎನ್ನುತ್ತಾರೆ. ಬೆಡ್ಡಿನ ಬಗ್ಗೆ ತಕರಾರಿಲ್ಲ. ಸ್ಪೇಸನ್ನು ನಾಲ್ಕು ವರ್ಷದಿಂದ ಹುಡುಕುತ್ತಿದ್ದೇನೆ.

ಕೆಳಗಿನ ಅಂತಸ್ತು ಉಳ್ಳಾಲದ ಹಮೀದಾಕರದು. ಮೂವತ್ತು ವರ್ಷ ಇದೇ ಬೀದಿಯಲ್ಲಿ ಬಟ್ಟೆ ಹೊಲಿದು, ಕಣ್ಣು ಮಂಜಾದ ಮೇಲೆ ಅದೇ ಅಂಗಡಿಯಲ್ಲಿ ಇಸ್ತ್ರಿಗೆ ಇಳಿದವರು. ಹಾಸಿಗೆಯಡಿ ಒಂದು ಎಲ್.ಪಿ. ರೆಕಾರ್ಡು ಇಟ್ಟುಕೊಂಡಿದ್ದರು. ಅರವತ್ತರ ದಶಕದ ಯಾರೋ ಬ್ರಿಟಿಷ್ ಗಾಯಕಿಯ ಆಲ್ಬಮ್; ದೇಶಕ್ಕೆ ಮರಳಿದ ಇಂಗ್ಲಿಷ್ ಗಿರಾಕಿಯೊಬ್ಬರು ಕೊಟ್ಟುಹೋದದ್ದು. ರಟ್ಟಿನ ಕವರಿನ ಮೇಲೆ ಗೋಪುರದಂಥ ಕೂದಲು, ಮೊಣಕಾಲು ಮುಟ್ಟಲು ಮನಸ್ಸಿಲ್ಲದ ಹಳದಿ ಫ್ರಾಕು. ಪ್ಲೇಯರ್ ಮಾತ್ರ ಮಾಫಿ. ‘ಇಲ್ಲ’ ಎನ್ನುವುದಕ್ಕೆ ಇಲ್ಲಿನ ಅರಬ್ಬಿ ಅದು. ಬಂದವನು ಮೊದಲು ಕಲಿಯುವ ಮಾತು. ಶುಕ್ರವಾರ ಮಧ್ಯಾಹ್ನ ಹಮೀದಾಕ ಆ ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ಕೂರುತ್ತಿದ್ದರು.

“ನಿಖಾ ಯಾವಾಗ ಹಮೀದಾಕ?” ಎಂದು ನಾನು ಮೇಲಿನಿಂದ ಕೆಣಕುತ್ತಿದ್ದೆ.

“ಮೊದ್ಲು ನಿಂದು ಆಗ್ಲಿ ಮಾರಾಯ, ಯಾರಾದ್ರೂ ಹೆಣ್ಣು ಕೊಟ್ರೆ.”

ಕಳೆದ ವರ್ಷ ನಾನು ರಜೆಗೆ ಹೊರಟಾಗ ಆ ರೆಕಾರ್ಡನ್ನು ನನ್ನ ಕೈಗಿಟ್ಟರು. ಊರಿಗೆ ಹೋಗುವವನ ಪೆಟ್ಟಿಗೆ ಇಲ್ಲಿ ಅವನದಲ್ಲ. ಇಡೀ ಕೋಣೆಯ ಅಂಚೆಚೀಲ.

“ಮಗಳು ಸಫಿಯಾಗೆ ಕೊಡು. ಮಡಚ್ಬೇಡ, ಆಯ್ತಾ?”

ರೆಕಾರ್ಡು ಮಡಚುವ ಗಂಡಸು ಇನ್ನೂ ಹುಟ್ಟಿಲ್ಲ ಎಂದು ನಕ್ಕೆ.

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯ ತೂಕ ಮಿತಿ ಮೀರಿತು. ರೆಕಾರ್ಡನ್ನು ಹ್ಯಾಂಡ್‌ಬ್ಯಾಗಿಗೆ ವರ್ಗಾಯಿಸಿದೆ. ರಟ್ಟಿನ ಮೂಲೆಗಳು ಜಿಪ್ಪಿಗೆ ಅಡ್ಡ ಬಂದವು. ಹಿಂದಿದ್ದವನು “ಯಲ್ಲಾ, ಯಲ್ಲಾ” ಎಂದು ಅವಸರಿಸಿದ. ಆಗ ನಾನು ಸಕಲ ಶಾಸ್ತ್ರಗಳನ್ನೂ ಪರಾಮರ್ಶಿಸಿ, ಹಾಡಿರುವುದು ತಟ್ಟೆಯಲ್ಲೇ ಹೊರತು ರಟ್ಟಿನಲ್ಲಲ್ಲ ಎಂಬ ತೀರ್ಪು ನೀಡಿದೆ. ದುಂಡಗಿನ ತಟ್ಟೆ ಅಂಗಿಗಳ ನಡುವೆ ಸಲೀಸಾಗಿ ಇಳಿಯಿತು. ರಟ್ಟು, ಅದರೊಳಗಿನ ಕಾಗದದ ಲಕೋಟೆ, ಗಾಯಕಿ, ಮೂರೂ ಕಸದ ಡಬ್ಬಿಗೆ. ಖಲಾಸ್, ಅಂದರೆ ಮುಗಿಯಿತು.

ಉಳ್ಳಾಲದಲ್ಲಿ ಸಫಿಯಾ ಹೊಲಿಗೆ ಮಿಶನ್ ಬಿಟ್ಟು ಎದ್ದು ಬಂದಳು. ತಟ್ಟೆಯನ್ನು ಎರಡೂ ಕಡೆ ತಿರುಗಿಸಿ ನೋಡಿದಳು.

“ಕವರ್ ಎಲ್ಲಿ ಅಣ್ಣ?”

“ಹಳತಾಗಿತ್ತು. ಬಿಸಾಡಿದೆ.”

“ಒಳಗಿನ ಕಾಗ್ದ?”

“ಅದೂ.”

“ಅದ್ರಲ್ಲಿ ಬಾಪ ಪೆನ್ಸಿಲಲ್ಲಿ ಅಳತೆ ಬರ್ದಿದ್ರು. ಆ ಚಿತ್ರದ ಫ್ರಾಕ್ ನೋಡಿ, ನನ್ನ ಮಗಳ ಸೈಜಿಗೆ, ನಾನು ಹೊಲೀಲಿಕ್ಕೆ. ಕಣ್ಣು ಪೂರ್ತಿ ಹೋಗುವ ಮೊದ್ಲು ಮುಗಿಸ್ಬೇಕು ಅಂತ ವರ್ಷ ಇಡೀ ಕೂತದ್ದು. ಇನ್ನು ಅವರಿಗೆ ಬರೀಲಿಕ್ಕೆ ಆಗುದಿಲ್ಲ.” ತಟ್ಟೆಯನ್ನು ನನ್ನ ಕೈಗೇ ಮರಳಿಸಿದಳು. “ಇದನ್ನು ನಾನೇನು ಮಾಡ್ಲಿ? ರೊಟ್ಟಿ ತಟ್ಲಾ?”

ಬಾಗಿಲ ತನಕ ಬಂದು ಮೆಲ್ಲಗೆ ಹೇಳಿದಳು: “ಬಾಪನಿಗೆ ಗೊತ್ತಾಗುದು ಬೇಡ.”

“ಕೊಟ್ಟಿಯಾ?” ಎಂದು ಸತ್ವಾದಲ್ಲಿ ಹಮೀದಾಕ ಕೇಳಿದರು. “ಕೊಟ್ಟೆ” ಎಂದೆ. ನ್ಯಾಯಾಲಯದಲ್ಲೂ ನಿಲ್ಲುವ ಉತ್ತರ.

ತಿಂಗಳು ಕಳೆದು ವಿಡಿಯೋ ಕರೆ ಬಂತು. ಸಫಿಯಾ ಮಂಗಳೂರಿನ ಅಂಗಡಿಯಿಂದ ಹಳದಿ ಫ್ರಾಕೊಂದನ್ನು ತಂದು ಮಗುವಿಗೆ ತೊಡಿಸಿದ್ದಳು. ಹಮೀದಾಕ ಫೋನನ್ನು ಮೂಗಿಗೆ ತಾಗಿಸಿ ನೋಡಿದರು. ಆಮೇಲೆ ಕೋಣೆಗೆಲ್ಲ ತೋರಿಸಿದರು. “ನೋಡಿ, ನನ್ನ ಕಟಿಂಗ್!” ಎಲ್ಲರೂ ಹೊಗಳಿದರು. ಎಲ್ಲರಿಗಿಂತ ದೊಡ್ಡ ದನಿ ನನ್ನದು: “ತೋಳು ಕೂತದ್ದು ನೋಡಿ ಹಮೀದಾಕ!”

ಅವರು ಫೋನು ಕೆಳಗಿಟ್ಟು ಕಣ್ಣೊರೆಸಿಕೊಂಡರು. “ಫೋನಲ್ಲಿ ಸಮ ಕಾಣುದಿಲ್ಲ ಮಾರಾಯ. ನೀನು ಇನ್ನೊಮ್ಮೆ ಹೋದಾಗ ಅದನ್ನು ತಾ. ಹೊಲಿಗೆ ಮುಟ್ಟಿದ್ರೆ ಸಾಕು, ನನ್ನ ಬೆರಳಿಗೆ ಗೊತ್ತಾಗ್ತದೆ.”

ಈ ವರ್ಷದ ರಜೆ ಮಂಜೂರಾಗಿ ಎರಡು ತಿಂಗಳಾಯಿತು. ಊರಿಗೆ ಹೋದರೆ ಫ್ರಾಕು ತರಬೇಕು. ಇಲ್ಲೇ ಉಳಿದರೆ, ಶುಕ್ರವಾರ ಮಧ್ಯಾಹ್ನಗಳಲ್ಲಿ ಹಿಡಿದು ಕೂರಲು ಏನೂ ಇಲ್ಲದ ಆ ಕೈಗಳನ್ನು ನೋಡಬೇಕು. ತಟ್ಟೆ ನನ್ನ ಹಾಸಿಗೆಯಡಿಯಲ್ಲಿದೆ, ಅವರ ತಲೆಯಿಂದ ಮೂರಡಿ ಮೇಲೆ. ನಾನು ಗೋಡೆಯತ್ತ ತಿರುಗಿ ಮಲಗುತ್ತೇನೆ.

ಕೆಳಗಿನಿಂದ ಬೆರಳೊಂದು ಹಲಗೆ ತಟ್ಟುತ್ತದೆ.

“ಟಿಕೆಟ್ ಮಾಡಿದ್ಯಾ?”