ಹಾರ್ಡ್ ಡಿಸ್ಕಿನಲ್ಲಿ ಅಣ್ಣನ ಪಾಲು

ಬೀದಿಯವರಿಗೆಲ್ಲ ಅವಳು ಫ್ಲ್ಯಾಶಕ್ಕ. ಫೋಟೋ ಸ್ಟುಡಿಯೋದಲ್ಲಿ ಅಣ್ಣನಿಗೆ ಲೈಟು ಹಿಡಿಯುವವಳು ಎಂದಷ್ಟೇ ಜನ ತಿಳಿದಿದ್ದರು. ಅಯ್ಯೋ, ಅಣ್ಣನ ಬಂಡವಾಳ ಬಲ್ಲವಳು ಅವಳೊಬ್ಬಳೇ! ದೊಡ್ಡ ಕ್ಯಾಮೆರಾ ಕೊರಳಿಗೆ ನೇತುಹಾಕಿಕೊಂಡು ಗಿರಾಕಿಗಳ ಜೊತೆ ಹರಟುವುದೇ ಅವನ ಕಸುಬು. ಆ ಕ್ಯಾಮೆರಾದ ಬ್ಯಾಟರಿ ಸತ್ತು ಎಷ್ಟೋ ವರ್ಷವಾಗಿತ್ತು. ಮಂಡಿಯೂರಿ, ಏಣಿ ಹತ್ತಿ, ಸಣ್ಣ ಕ್ಯಾಮೆರಾದಲ್ಲಿ ಚಿತ್ರ ತೆಗೆದದ್ದೆಲ್ಲ ಇವಳು. ಚಿತ್ರದ ಕೆಳಗೆ ಹೆಸರು ಮಾತ್ರ ಅವನದು. ಹೇಳಿ ಹೇಳಿ ಅವನೇ ಅದನ್ನು ನಂಬಿಬಿಟ್ಟಿದ್ದ.

ಇಷ್ಟನ್ನೂ ನುಂಗಿಕೊಂಡಿದ್ದಳು. ಆದರೆ ಅಪ್ಪನ ಕೊನೆಯ ದಿನಗಳ ಚಿತ್ರಗಳಿಗೂ ತನ್ನ ಹೆಸರು ಹಾಕಿ ಅವನು ಪ್ರದರ್ಶನಕ್ಕೆ ಒಪ್ಪಿಕೊಂಡಾಗ ಅವಳ ಮೈಯೆಲ್ಲ ಉರಿದುಹೋಯಿತು.

"ಅಪ್ಪ ಮಲಗಿದ್ದಾಗ ಒಂದ್ಸಲ ಒಳಗೆ ಬಂದು ನೋಡಿದ್ಯಾ ನೀನು?"

"ಲೈಟ್ ಹಿಡಿಯೋಳಿಗೆ ಇಷ್ಟು ಕೊಬ್ಬಾ? ಇನ್ಮೇಲೆ ನಿನ್ನ ದಾರಿ ನಿಂಗೆ. ಫೋಟೋ ಇರೋ ಹಾರ್ಡ್ ಡಿಸ್ಕ್ ಪಾರ್ಟಿಷನ್ ಮಾಡಿಡು."

"ಹೇಗೆ ಪಾಲು ಮಾಡ್ಲಿ ಅಣ್ಣ?"

"ಯಾರು ತೆಗ್ದಿದ್ದೋ ಅವರಿಗೆ. ಅಷ್ಟೂ ಗೊತ್ತಾಗಲ್ವಾ?"

ಗೊತ್ತಾಗದೇ ಏನು! ಯಾವ ಕ್ಯಾಮೆರಾದಲ್ಲಿ ತೆಗೆದದ್ದೆಂದು ಪ್ರತಿ ಫೋಟೋದೊಳಗೂ ದಾಖಲಾಗಿರುತ್ತದೆ. 'ಇರು, ನಿನ್ನ ಜಂಬ ಇಳಿಸ್ತೀನಿ' ಎಂದು ಗೊಣಗುತ್ತ ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿದಳು. ಹಳೆಯದನ್ನು ಅಳಿಸಿ ಸರಿಯಾಗಿ ಎರಡು ಭಾಗ ಮಾಡಿದಳು. ಒಂದಕ್ಕೆ 'ಅಣ್ಣ', ಇನ್ನೊಂದಕ್ಕೆ 'ತಂಗಿ' ಎಂದು ಹೆಸರಿಟ್ಟು, ಯಾವ ಕ್ಯಾಮೆರಾದ್ದೆಂದು ನೋಡಿ ನೋಡಿ ಚಿತ್ರಗಳನ್ನು ತುಂಬಿದಳು. ಒಂದೇ ಒಂದು ಮೋಸವನ್ನೂ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಪ್ರದರ್ಶನ ಏರ್ಪಡಿಸಿದ್ದ ಮೇಡಂ ಚಿತ್ರ ಒಯ್ಯಲು ಬಂದರು. ಅಣ್ಣ ಗತ್ತಿನಿಂದ ಕಂಪ್ಯೂಟರಿಗೆ ಡಿಸ್ಕ್ ಸಿಕ್ಕಿಸಿ ತನ್ನ ಭಾಗ ತೆರೆದ. ಅದರಲ್ಲಿದ್ದದ್ದು ಒಂದೇ ಚಿತ್ರ. ದೊಡ್ಡ ಕ್ಯಾಮೆರಾ ಕೊಂಡ ದಿನ ಕೈತಪ್ಪಿ ಒತ್ತಿ ತೆಗೆದ ಅವನದೇ ಎಡಗಾಲಿನ ಚಪ್ಪಲಿ. ಅದೂ ಮಸುಕು.

"ನನ್ನ ಫೋಟೋ ಎಲ್ಲಿ ಹೋದ್ವೇ?"

"ನೀನು ತೆಗ್ದಿದ್ದು ಒಂದೂ ಬಿಡದೆ ಹಾಕಿದೀನಲ್ಲಣ್ಣ."

ಮೇಡಂ ಚಪ್ಪಲಿಯನ್ನೂ ಅವನ ಮುಖವನ್ನೂ ನೋಡಿದರು. ಅವಳು 'ತಂಗಿ' ಭಾಗ ತೆರೆದಳು. ಕಿಟಕಿ ಪಕ್ಕ ಕೂತ ಅಪ್ಪ, ತುತ್ತು ಬೇಡವೆನ್ನುವ ಅಪ್ಪ, ಕ್ಯಾಮೆರಾ ಹಿಡಿದವಳನ್ನು ನೋಡಿ ನಗುವ ಅಪ್ಪ.

ಅಣ್ಣ ಅವಳ ಕಿವಿಯ ಹತ್ತಿರ ಬಗ್ಗಿದ. "ಮರ್ಯಾದೆ ಕಳೀಬೇಡ ಕಣೇ, ನಿನ್ನ ದಮ್ಮಯ್ಯ."

ಅವಳಿಗೆ ಕನಿಕರ ಬರಲೇ ಇಲ್ಲ. ಮೇಡಂ ತಮ್ಮ ಕಾಗದದಲ್ಲಿದ್ದ ಅಣ್ಣನ ಹೆಸರನ್ನು ಹೊಡೆದುಹಾಕಿ, ಪೆನ್ನು ಹಿಡಿದು ಕಾದರು.

"ಯಾರ ಹೆಸರು ಬರೀಲಿ?"

"ಹೇಳಣ್ಣ," ಅಂದಳು ಅವಳು. "ನೀನೇ ಹೇಳು."